ಹಸಿರು ಮೇಜಿನ ಸುತ್ತ

ಶಾಲಾ ವಾರ್ಷಿಕೋತ್ಸವ ಹತ್ತಿರ ಬಂತೆಂದರೆ ‘ಪರಿಸರ ಉಳಿಸಿ’, ‘ವರದಕ್ಷಿಣೆ ಬೇಡ’ ಎಂಬ ನೃತ್ಯಗಳ ತಾಲೀಮು ಶುರುವಾಗುತ್ತದೆ. ಹಾಡಿನಲ್ಲಿ ಘೋಷಣೆ, ಕೈಯಲ್ಲಿ ಫಲಕ, ಕೊನೆಗೆ ಚಪ್ಪಾಳೆ. ಮನೆ ಮುಟ್ಟುವಷ್ಟರಲ್ಲಿ ಎಲ್ಲ ಮರೆತಿರುತ್ತದೆ. ಹಾಗಾದರೆ ಸಮಾಜದ ನೋವನ್ನು ಹೇಳುವ ಶಕ್ತಿ ನೃತ್ಯಕ್ಕೆ ಇಲ್ಲವೇ?

ಖಂಡಿತ ಇದೆ. ಮಾತು, ಫಲಕಗಳ ಹಂಗಿಲ್ಲದೆ ಅದನ್ನು ತೋರಿಸಿಕೊಟ್ಟವರು ಜರ್ಮನಿಯ ನೃತ್ಯ ಸಂಯೋಜಕ ಕುರ್ಟ್ ಯೋಸ್. 1932ರ ಜುಲೈಯಲ್ಲಿ ಪ್ಯಾರಿಸ್‌ನ ಅಂತರರಾಷ್ಟ್ರೀಯ ನೃತ್ಯ ಸಂಯೋಜನಾ ಸ್ಪರ್ಧೆಯಲ್ಲಿ ಅವರ ‘ಹಸಿರು ಮೇಜು’ ಪ್ರಥಮ ಬಹುಮಾನ ಗಳಿಸಿತು. ಮೊದಲ ಮಹಾಯುದ್ಧ ಮುಗಿದು ಆಗಿನ್ನೂ ಹದಿನಾಲ್ಕು ವರ್ಷ ತುಂಬಿರಲಿಲ್ಲ.

ಮೊದಲ ದೃಶ್ಯದಲ್ಲಿ ಕಪ್ಪು ಕೋಟು ತೊಟ್ಟ, ಮುಖವಾಡದ ಹತ್ತು ಮಂದಿ ‘ದೊಡ್ಡ ಮನುಷ್ಯರು’ ಹಸಿರು ಮೇಜಿನ ಸುತ್ತ ವಾದಿಸುತ್ತಾರೆ. ಬಾಗಿ ವಂದಿಸುತ್ತಾರೆ, ಬೆರಳು ತೋರಿಸಿ ಗದರಿಸುತ್ತಾರೆ, ಕೊನೆಗೆ ಪಿಸ್ತೂಲು ಹಾರಿಸುತ್ತಾರೆ. ಯುದ್ಧ ಶುರು! ಆಮೇಲೆ ಮೃತ್ಯುವಿನ ಸರದಿ. ಮೊದಲ ಪ್ರದರ್ಶನದಲ್ಲಿ ಆ ಪಾತ್ರ ಮಾಡಿದವರು ಸ್ವತಃ ಯೋಸ್. ಸೈನಿಕರು, ಮುದಿತಾಯಿ, ಎಳೆಯ ಹುಡುಗಿ ಎಲ್ಲರನ್ನೂ ಮೃತ್ಯು ಒಯ್ಯುತ್ತದೆ. ಯುದ್ಧದಲ್ಲೇ ದುಡ್ಡು ಮಾಡಿಕೊಳ್ಳುವ ಲಾಭಕೋರನೂ ಅಲ್ಲಿದ್ದಾನೆ. ಕೊನೆಯಲ್ಲಿ ಮತ್ತೆ ಅದೇ ಮೇಜು, ಅದೇ ಹತ್ತು ಜನ, ಅದೇ ವಾದ. ಅವರಿಗೆ ಏನೂ ಆಗಿಲ್ಲ! ‘ಯುದ್ಧ ಬೇಡ’ ಎಂದು ವೇದಿಕೆಯಲ್ಲಿ ಯಾರೂ ಹೇಳುವುದಿಲ್ಲ. ಆ ಮಾತು ನೋಡುವವರ ಮನಸ್ಸಿನಲ್ಲೇ ಹುಟ್ಟುತ್ತದೆ.

ಕಥೆ ಇಲ್ಲಿಗೇ ಮುಗಿಯಲಿಲ್ಲ. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ತಂಡದಲ್ಲಿದ್ದ ಯಹೂದ್ಯರನ್ನು ಕೈಬಿಡಬೇಕೆಂದು ಯೋಸ್ ಅವರ ಮೇಲೆ ಒತ್ತಡ ಬಂತು. ‘ಹಸಿರು ಮೇಜಿ’ಗೆ ಎರಡು ಪಿಯಾನೋಗಳ ಸಂಗೀತ ರಚಿಸಿದ್ದ ಫ್ರಿಟ್ಸ್ ಕೋಹೆನ್ ಕೂಡ ಯಹೂದಿ. ಯೋಸ್ ಒಪ್ಪಲಿಲ್ಲ. ಅದೇ ವರ್ಷ ತಂಡದೊಂದಿಗೆ ದೇಶವನ್ನೇ ಬಿಟ್ಟರು. ಮುಂದೆ ಇಂಗ್ಲೆಂಡಿನ ಡಾರ್ಟಿಂಗ್ಟನ್‌ನಲ್ಲಿ ನೆಲೆ ಕಂಡುಕೊಂಡರು. ವೇದಿಕೆಯ ಮೇಲೆ ಆಡಿ ತೋರಿಸಿದ್ದಕ್ಕೆ ವೇದಿಕೆಯಿಂದ ಇಳಿದ ಮೇಲೂ ಬದ್ಧರಾಗಿ ಉಳಿದರು.

ವಿದ್ಯಾರ್ಥಿಗಳೇ, ಸಾಮಾಜಿಕ ಸಮಸ್ಯೆಯೊಂದನ್ನು ನೃತ್ಯಕ್ಕೆ ಆರಿಸಿಕೊಂಡಾಗ ಘೋಷಣೆಯನ್ನು ಸ್ವಲ್ಪ ಬದಿಗಿಡಿ. ಇದರಿಂದ ನೋವು ಯಾರಿಗೆ, ಲಾಭ ಯಾರಿಗೆ ಎಂದು ಮೊದಲು ಕೇಳಿಕೊಳ್ಳಿ. ಆ ಇಬ್ಬರನ್ನೂ ವೇದಿಕೆಗೆ ತನ್ನಿ. ಅರ್ಧ ಕೆಲಸ ಅಲ್ಲಿಗೇ ಆಯಿತು.

ಪಾಲಕರಿಗೂ ಒಂದು ಮಾತು. ಇಂದು ವರದಕ್ಷಿಣೆಯ ವಿರುದ್ಧ ಕುಣಿದ ಮಗಳು ನಾಳೆ ಅಣ್ಣನ ಮದುವೆ ಮಾತುಕತೆಯಲ್ಲಿ ಅದೇ ಪ್ರಶ್ನೆ ಎತ್ತಿದರೆ, ‘ದೊಡ್ಡವರ ನಡುವೆ ಬಾಯಿ ಹಾಕಬೇಡ’ ಎಂದು ಗದರಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು ಅವಳ ಮಾತು ಕೇಳಿ.