ಮೇಲ್ಸೇತುವೆಗಿಲ್ಲದ ಲೆಕ್ಕ

ನಮ್ಮ ಬೀದಿಯ ಹೆಣ್ಣುಮಗಳೊಬ್ಬಳು ಕೆಂಗೇರಿಯಿಂದ ವೈಟ್‌ಫೀಲ್ಡಿಗೆ ಕೆಲಸಕ್ಕೆ ಹೋಗುತ್ತಾಳೆ. ಅಲ್ಲಿನ ಕಚೇರಿಯೊಂದರಲ್ಲಿ ಹೌಸ್‌ಕೀಪಿಂಗ್. ನೇರಳೆ ಮಾರ್ಗ ಪೂರ್ತಿಯಾದ ಮೇಲೆ ವರ್ಷಕ್ಕೂ ಮಿಕ್ಕಿ ಮೆಟ್ರೋದಲ್ಲೇ ಓಡಾಡಿದಳು. ಈಗ ಮತ್ತೆ ಬಸ್ಸು. ಮೆಜೆಸ್ಟಿಕ್ಕಿನಲ್ಲಿ ಇಳಿದು ಇನ್ನೊಂದು ಹಿಡಿಯಬೇಕು. ಯಾಕಮ್ಮಾ ಎಂದು ಕೇಳಿದೆ. "ಬಸ್ಸು ಫ್ರೀ ಅಲ್ವಾ ಅಣ್ಣ. ದುಡ್ಡು ಉಳೀತು, ನಿದ್ದೆ ಹೋಯ್ತು, ಅಷ್ಟೇ" ಎಂದಳು.

ಲೆಕ್ಕ ಹಾಕಿ ನೋಡಿದೆ. 2025ರ ಫೆಬ್ರವರಿ 9ರಂದು ಮೆಟ್ರೋದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ಹೋಗಿಬರಲು 180. ತಿಂಗಳಿಗೆ 26 ದಿನವೆಂದರೆ, ಕಾರ್ಡಿನ ರಿಯಾಯಿತಿ ಕಳೆದರೂ ನಾಲ್ಕು ಸಾವಿರ ದಾಟುತ್ತದೆ. ಅವಳ ಸಂಬಳ ಹದಿನೈದು ಸಾವಿರ. ದರ ಏರಿದಾಗ ಗಲಾಟೆಯಾಯಿತು, ಪ್ರಯಾಣಿಕರು ಕಡಿಮೆಯಾದರು, ಕೆಲವು ದೂರಗಳಿಗೆ ತುಸು ಇಳಿಸಿದರು. 90 ಮಾತ್ರ ಕದಲಲಿಲ್ಲ. ರಾಜ್ಯದವರು ಕೇಂದ್ರದತ್ತ ಬೆರಳು ತೋರಿಸಿದರು, ಕೇಂದ್ರದವರು ರಾಜ್ಯದತ್ತ. ಉದ್ಘಾಟನೆಯ ದಿನ ಇಬ್ಬರೂ ನಮ್ಮದೇ ಎನ್ನುತ್ತಿದ್ದ ರೈಲು ಇದು.

ಈ ಮಾರ್ಗಕ್ಕೆ ಊರು ಈಗಾಗಲೇ ಎಷ್ಟು ಬೆಲೆ ತೆತ್ತಿದೆ ಎಂಬುದನ್ನು ಯಾವ ದರ ಪಟ್ಟಿಯೂ ಹೇಳುವುದಿಲ್ಲ. 2006ರ ಜೂನ್‌ನಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ಶಂಕುಸ್ಥಾಪನೆ ಮಾಡಿದರು. ಎಂ.ಜಿ. ರಸ್ತೆಯ ಒಂದು ಬದಿಗೆ ಮರದ ನೆರಳಿನಲ್ಲಿ ನಡೆಯುವ ದಾರಿಯಿತ್ತು. ಕೆಲಸವಿಲ್ಲದ ದಿನಗಳಲ್ಲಿ ನಾನು ಅಲ್ಲಿ ಸುಮ್ಮನೆ ಕೂತಿದ್ದುಂಟು. ಅದು ಹೋಯಿತು. ಇಂದಿರಾನಗರದ ಸಿ.ಎಂ.ಎಚ್. ರಸ್ತೆಯ ವ್ಯಾಪಾರಿಗಳು ಪ್ರತಿಭಟಿಸಿದರು, ಆದರೂ ಕಂಬಗಳು ಎದ್ದವು. 2011ರ ಅಕ್ಟೋಬರ್ 20ಕ್ಕೆ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ, ಬರೀ ಆರು ನಿಲ್ದಾಣಗಳ ನಡುವೆ, ರೈಲು ಹೊರಟಿತು. ಮೆಜೆಸ್ಟಿಕ್ಕಿನ ನೆಲದಡಿಯಿಂದ ಹಾದು ಮೈಸೂರು ರಸ್ತೆಯವರೆಗೆ ಒಂದೇ ಓಟ ಸಾಧ್ಯವಾಗಲು 2016ರ ಏಪ್ರಿಲ್ ಕೊನೆಯವರೆಗೆ ಕಾದೆವು. ಕೆಂಗೇರಿಗೆ ಬಂದದ್ದು 2021ರಲ್ಲಿ.

ಆಮೇಲಿನದು ತಮಾಷೆ. 2023ರ ಮಾರ್ಚ್ 25ಕ್ಕೆ, ವಿಧಾನಸಭೆ ಚುನಾವಣೆ ಬಾಗಿಲಲ್ಲಿರುವಾಗ, ಕೆ.ಆರ್. ಪುರ–ವೈಟ್‌ಫೀಲ್ಡ್ ಭಾಗವನ್ನು ಪ್ರಧಾನಿ ನರೇಂದ್ರ ಮೋದಿ ಉದ್ಘಾಟಿಸಿದರು. ಕೆ.ಆರ್. ಪುರಕ್ಕೂ ಬೈಯಪ್ಪನಹಳ್ಳಿಗೂ ನಡುವೆ ಎರಡು ಕಿಲೋಮೀಟರಿನಷ್ಟು ಹಳಿ ಇನ್ನೂ ಕೂಡಿರಲಿಲ್ಲ! ಆರು ತಿಂಗಳಿಗೂ ಹೆಚ್ಚು ಕಾಲ ಜನ ಒಂದು ರೈಲಿನಿಂದ ಇಳಿದು, ಬಸ್ಸು ಹತ್ತಿ, ಇನ್ನೊಂದು ರೈಲು ಹಿಡಿದರು. ಆ ತುಂಡು ಅಕ್ಟೋಬರ್ 9ರಂದು ಯಾವ ಸಮಾರಂಭವೂ ಇಲ್ಲದೆ ಓಡತೊಡಗಿತು. ಜನರಿಗೆ ನಿಜಕ್ಕೂ ಬೇಕಿದ್ದದ್ದು ಅದೇ ಎರಡು ಕಿಲೋಮೀಟರು.

ಹದಿನೇಳು ವರ್ಷದ ದೂಳು, ಅಗೆತ, ಸುತ್ತುದಾರಿ ಎಲ್ಲ ಮುಗಿದು ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ 43 ಕಿಲೋಮೀಟರು, 37 ನಿಲ್ದಾಣ. ಊರಿನ ಪಶ್ಚಿಮದಲ್ಲಿ ಮನೆ ಇದ್ದವಳು ಪೂರ್ವದಲ್ಲಿ ದುಡಿದು, ಸಂಜೆ ಮಗಳ ಮುಖ ನೋಡಲು ಆಗುವಂತೆ ಮಾಡಿದ್ದು ಈ ರೈಲು. ಅವಳಿಗೇ ಎಟುಕದ ದರ ಇಟ್ಟು "ಸಾಲ ತೀರಿಸಬೇಕಲ್ಲ" ಎನ್ನುತ್ತಾರೆ.

ತೀರಿಸಬೇಕು, ನಿಜ. ಜಪಾನಿನಿಂದ ತಂದ ಸಾಲವಿದೆ. 2017ರ ನಂತರ ದರ ಏರಿರಲಿಲ್ಲ. ವಿದ್ಯುತ್ತು, ಸಂಬಳ ಯಾವುದೂ ಅಲ್ಲೇ ನಿಂತಿಲ್ಲ. ಆದರೆ ಈ ಪ್ರಶ್ನೆಯನ್ನು ರೈಲಿಗಷ್ಟೇ ಯಾಕೆ ಕೇಳುತ್ತೀರಿ? ಕೆ.ಆರ್. ಮಾರ್ಕೆಟ್ಟಿನಿಂದ ಸಿರ್ಸಿ ವೃತ್ತದವರೆಗಿನ ಮೇಲ್ಸೇತುವೆಗೆ ಎಷ್ಟು ಸಲ ಡಾಂಬರು ಬಿತ್ತು, ಎಷ್ಟು ಸಲ ರಿಪೇರಿಗೆಂದು ಮುಚ್ಚಿದರು! ಅದರ ಮೇಲೆ ಹೋಗುವ ಕಾರಿನವನ ಹತ್ತಿರ ನಿಂತು ಯಾರಾದರೂ ದುಡ್ಡು ಕೇಳಿದ್ದಾರೆಯೇ? ಎಲೆಕ್ಟ್ರಾನಿಕ್ ಸಿಟಿಯ ಮೇಲುರಸ್ತೆಯಲ್ಲಿ ಟೋಲ್ ಇದೆ. ಊರೊಳಗಿನ ಮಿಕ್ಕ ಸೇತುವೆ, ಅಂಡರ್‌ಪಾಸುಗಳೆಲ್ಲ ಧರ್ಮಕ್ಕೆ ಬಿಟ್ಟಂತಿವೆ. ಅವುಗಳ ಖರ್ಚು ತೆರಿಗೆಯಲ್ಲಿ ಕರಗುತ್ತದೆ, ಆ ತೆರಿಗೆಯಲ್ಲಿ ಅವಳು ಕೊಳ್ಳುವ ಸೋಪು, ಬಿಸ್ಕತ್ತಿನದೂ ಪಾಲಿದೆ. ಒಬ್ಬನೇ ಕೂತ ಕಾರು ನಗರದ ಸೇವೆ, ಸಾವಿರ ಜನ ನಿಂತ ರೈಲು ಮಾತ್ರ ವ್ಯಾಪಾರ ಎಂಬ ಈ ಲೆಕ್ಕ ನನಗೆ ಅರ್ಥವಾಗುವುದಿಲ್ಲ.

ದುಡ್ಡು ಬೇಕೆಂದರೆ ಹುಡುಕುವ ಜಾಗ ಬೇರೆ ಇದೆ. ಮೆಟ್ರೋ ಬರುತ್ತದೆಂಬ ಸುದ್ದಿಗೇ ನಿಲ್ದಾಣಗಳ ಸುತ್ತಿನ ನಿವೇಶನದ ಬೆಲೆ ಏರಿತು, ಮನೆ ಬಾಡಿಗೆಯೂ ಏರಿತು. ನಮ್ಮ ಓಣಿಯಲ್ಲೇ ನೋಡಿದ್ದೇನೆ. ಎರಡು ಮನೆ ಬಾಡಿಗೆಗೆ ಕೊಟ್ಟ ನನ್ನಂಥವನಿಗೆ ಕೂತಲ್ಲೇ ಲಾಭ. ಆ ಏರಿಕೆಯಲ್ಲಿ ಒಂದು ಪಾಲನ್ನು ನನ್ನ ಆಸ್ತಿ ತೆರಿಗೆಯಲ್ಲಿ ಕಿತ್ತುಕೊಳ್ಳಿ, ಗೊಣಗಿಕೊಂಡೇ ಕಟ್ಟುತ್ತೇನೆ. ದಿನಾ ದೂರ ಹೋಗಿ ದುಡಿಯುವವರಿಗೆ ಬಸ್ಸಿನ ಪಾಸಿನಂತೆ ಕೈಗೆಟುಕುವ ತಿಂಗಳ ಪಾಸು ಕೊಡಿ. 90 ಅನ್ನು ಮತ್ತೆ 60ಕ್ಕೆ ತನ್ನಿ.

ಅವಳು ಈಗಲೂ ಕತ್ತಲಿರುವಾಗಲೇ ಮನೆ ಬಿಡುತ್ತಾಳೆ. ಮೈಸೂರು ರಸ್ತೆಯಲ್ಲಿ, ಮೆಟ್ರೋ ಕಂಬದ ಪಕ್ಕದಲ್ಲೇ, ಬಸ್ಸಿಗೆ ಕಾಯುತ್ತಾಳೆ.