ಕರೆಂಟ್ ಬಿಲ್ಲನ್ನು ನಾವೇ ಓದೋಣ



ನಮ್ಮ ಸಿ.ಎಸ್. ಪುರದಲ್ಲಿ ಕರೆಂಟ್ ಬಿಲ್ಲು ಬಂದರೆ ಹಲವರು ಓದದೆ ಜಂತೆಗೆ ಸಿಕ್ಕಿಸಿಬಿಡ್ತಾರೆ. ಬಾಕಿ ಬೆಳೆದು ಫ್ಯೂಸ್ ಕಿತ್ತರೆ ಮೊದಲು ನಿಲ್ಲೋದು ನಮ್ಮ ಓದು. ಆದ್ದರಿಂದ ಬಿಲ್ಲು ಓದಿ ಹೇಳುವುದು ಮಕ್ಕಳ ಕೆಲಸ ಎಂದು ನನ್ನ ಅಭಿಪ್ರಾಯ.

2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ ಹಿಂದಿನ ಬಳಕೆ ನೋಡಿ ಮನೆಮನೆಗೂ ಉಚಿತ ಯೂನಿಟ್ ಗೊತ್ತು ಮಾಡಿದ್ದಾರೆ. ಅದು ಮೀರಿದರೆ ಮೀರಿದ್ದಕ್ಕೆ ದುಡ್ಡು. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು.

2003ರ ವಿದ್ಯುತ್ ಕಾಯ್ದೆಯ ಪ್ರಕಾರ ಬಾಕಿಗಾಗಿ ಕರೆಂಟ್ ತೆಗೆಯುವ ಮುಂಚೆ 15 ದಿನದ ಲಿಖಿತ ನೋಟೀಸು ಕೊಡಬೇಕು. ಅಷ್ಟರೊಳಗೆ ದೊಡ್ಡವರು ಬೆಸ್ಕಾಂ ಕಛೇರಿಗೆ ಹೋಗಿ ಕಂತಿನಲ್ಲಿ ಕಟ್ಟುತ್ತೇವೆಂದು ಕೇಳಬೇಕು. ಹೆದರಿ ಮನೇಲಿ ಕೂತರೆ ಬಡ್ಡಿ ಬೆಳೆಯುತ್ತೆ.

ಗೆಳೆಯರೇ, ಇವತ್ತೇ ಬಿಲ್ಲು ತೆಗೆದು ಅಪ್ಪ ಅಮ್ಮನಿಗೆ ಜೋರಾಗಿ ಓದಿ ಹೇಳಿ.

— 7ನೇ ತರಗತಿ