ತ್ರಿಕೋನಕ್ಕೆ ಮೂರು ಬಾಹು, ಷರತ್ತಿಗೆ ಮಾತ್ರ ಒಂದೇ ಬದಿಯೆ?

ಕಾಲೇಜು ತೆರೆದ ಮೊದಲ ವಾರದಲ್ಲೇ ಗಣಿತದ ತರಗತಿಯಲ್ಲಿ ಷರತ್ತುಗಳ ಒಂದು ಪಟ್ಟಿಯನ್ನು ಓದಿ ಹೇಳುವುದು ವಾಡಿಕೆ. ತ್ರಿಕೋನಮಿತಿ ಕಲಿಯಲು ಬಂದವರು ಏನು ಮಾಡಬೇಕು, ಏನು ಮಾಡಕೂಡದು ಎಂಬುದೆಲ್ಲ ಅದರಲ್ಲಿ ಇರುತ್ತದೆ. ಹಾಜರಿ ನೂರಕ್ಕೆ 75 ಇರಬೇಕು. ಮನೆಲೆಕ್ಕವನ್ನು ಹೇಳಿದ ದಿನವೇ ಒಪ್ಪಿಸಬೇಕು. ಕಿರುಪರೀಕ್ಷೆ ತಪ್ಪಿಸಿಕೊಂಡವರಿಗೆ ಮತ್ತೊಮ್ಮೆ ಅವಕಾಶವಿಲ್ಲ. ಉತ್ತರವೊಂದನ್ನೇ ಬರೆದರೆ ಸಾಲದು, ಹಂತಗಳನ್ನೂ ತೋರಿಸಬೇಕು. ಎಸ್ಸೆಸ್ಸೆಲ್ಸಿಯ ಗಣಿತ ಬಾಯಿಪಾಠವಾಗಿರಬೇಕು. ಕಡೂರು, ತರೀಕೆರೆ, ಅಜ್ಜಂಪುರದ ಗಿರಣಿ ಕೆಲಸಗಾರರ ಮತ್ತು ಸಣ್ಣ ಅಂಗಡಿಯವರ ಮಕ್ಕಳು ಎಲ್ಲಕ್ಕೂ ತಲೆಯಾಡಿಸಿ ಮನೆಗೆ ಬರುತ್ತಾರೆ. ವರ್ಷದ ಕೊನೆಗೆ "ಹಾಜರಿ ಕೊರತೆ" ಎಂಬ ನೋಟೀಸಿನಲ್ಲಿ ಹೆಸರು ಕಂಡಾಗ ಮಾತ್ರ ಆ ಪಟ್ಟಿಯ ಭಾರ ತಂದೆತಾಯಿಗಳಿಗೆ ತಿಳಿಯುತ್ತದೆ.

ನಾವು ಕೇಳುವುದು ಒಂದೇ ಪ್ರಶ್ನೆ. ವಿದ್ಯಾರ್ಥಿ ಕಾಲೇಜಿಗೆ ಏನು ಸಲ್ಲಿಸಬೇಕೆಂಬುದು ಈ ಪಟ್ಟಿಯಲ್ಲಿದೆ. ಕಾಲೇಜು ವಿದ್ಯಾರ್ಥಿಗೆ ಏನು ಸಲ್ಲಿಸಬೇಕೆಂಬುದು ಎಲ್ಲಿದೆ?

ನಿಯಮಗಳೇ ಬೇಡವೆಂದು ನಾವು ಹೇಳುತ್ತಿಲ್ಲ. ಹಂತಗಳನ್ನು ಬರೆಯಬೇಕೆಂಬ ನಿಯಮ ನ್ಯಾಯವಾದದ್ದು. ಬಿಲ್ಲು ತೋರಿಸದೆ ಮೊತ್ತವನ್ನಷ್ಟೇ ಹೇಳುವ ಅಂಗಡಿಯವನನ್ನು ಗಿರಾಕಿ ನಂಬುತ್ತಾನೆಯೇ? ಲೆಕ್ಕಯಂತ್ರ ಕೂಡದೆಂಬ ನಿಯಮವನ್ನೂ ನಾವು ಒಪ್ಪುತ್ತೇವೆ. ಸಿಇಟಿ ಪರೀಕ್ಷೆಯ ಕೊಠಡಿಗೆ ಲೆಕ್ಕಯಂತ್ರ ಒಯ್ಯುವಂತಿಲ್ಲ. 30, 45, 60 ಡಿಗ್ರಿಗಳ ಸೈನ್, ಕಾಸೈನ್ ಬೆಲೆಗಳು ಮಗ್ಗಿಯಂತೆ ಬಾಯಲ್ಲಿರಬೇಕು. ಎಸ್ಟೇಟ್ ಧಣಿಯ ಮಗನಿಗೂ ಹಮಾಲಿಯ ಮಗಳಿಗೂ ಅಲ್ಲಿ ಒಂದೇ ಪೆನ್ನು, ಒಂದೇ ಕಾಗದ. ಇಂಥ ನಿಯಮ ಇನ್ನೂ ನಾಲ್ಕಿದ್ದರೂ ನಮ್ಮ ಆಕ್ಷೇಪಣೆಯಿಲ್ಲ.

"ಗಿರಣಿಯವನ ಮಗನಿಗೆ ಸೈನು, ಕಾಸೈನು ಯಾತಕ್ಕೆ?" ಎಂದು ಕೇಳುವ ಮಹನೀಯರಿದ್ದಾರೆ. ಅವರಿಗೆ ಮೊದಲು ಉತ್ತರ ಕೊಡೋಣ. ಗಾರೆ ಮೇಸ್ತ್ರಿ ಗೋಡೆಯ ಮೂಲೆ ಹಿಡಿಯುವಾಗ ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ಗುರುತು ಹಾಕಿ, ಓರೆ ಅಳತೆ 5 ಅಡಿ ಬಂದರೆ ಮೂಲೆ ಮಟ್ಟಸವಾಯಿತು ಎನ್ನುತ್ತಾನೆ. ಆ ಮೂರನ್ನು ಐದರಿಂದ ಭಾಗಿಸಿದರೆ ಬರುವುದೇ ಸೈನ್. ಗಿರಣಿಯ ತಗಡಿನ ಮಾಡು ಎಷ್ಟು ಅಡಿ ಉದ್ದಕ್ಕೆ ಎಷ್ಟು ಅಡಿ ಏರಬೇಕು ಎನ್ನುವುದೇ ಟ್ಯಾಂಜೆಂಟ್. ಸೈನ್ ಎಂಬ ಮಾತಿನ ಮೂಲವೂ ನಮ್ಮದೇ. 499ರಲ್ಲಿ ಆರ್ಯಭಟ ಲೆಕ್ಕ ಹಾಕಿದ "ಜ್ಯಾ", ಅಂದರೆ ಬಿಲ್ಲಿನ ಹೆದೆ, ಅರಬರ ಬಾಯಲ್ಲಿ ರೂಪ ಬದಲಿಸಿತು. ಅಲ್ಲಿಂದ ಲ್ಯಾಟಿನ್ನಿಗೆ ಹೋಗಿ ಸೈನ್ ಆಗಿ ನಮ್ಮ ಕಾಲೇಜಿಗೆ ಹಿಂದಿರುಗಿದೆ.

ಭದ್ರಾ ಮೇಲ್ದಂಡೆ ಯೋಜನೆಯನ್ನು ನೋಡಿರಿ. ಭದ್ರೆಯಿಂದ 29.90 ಟಿಎಂಸಿ ನೀರನ್ನು ಎತ್ತಿ, ಅಜ್ಜಂಪುರದ ಬಳಿಯ ಸುರಂಗದ ಮೂಲಕ ಬಯಲುಸೀಮೆಗೆ ಹರಿಸುವ ಯೋಜನೆ ಅದು. ಸುರಂಗದ ದಿಕ್ಕು, ಕಾಲುವೆಯ ಇಳಿಜಾರು ಎಲ್ಲವೂ ತ್ರಿಕೋನಮಿತಿಯ ಲೆಕ್ಕ. ಕಲ್ಲು ಹೊರುವ ಕೆಲಸಕ್ಕೆ ನಮ್ಮವರನ್ನು ಯಾರೂ ಬೇಡವೆನ್ನುವುದಿಲ್ಲ. ಲೆಕ್ಕ ಹಾಕುವ ಮೇಜಿನ ಮುಂದೆ ಕೂರುವವರು ಯಾರು? ನಮ್ಮ ಪ್ರಶ್ನೆ ಅದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮರುವರ್ಷವೇ ಲ್ಯಾಂಬ್ಟನ್ ಸಾಹೇಬ ಬೆಂಗಳೂರಿನ ಬಳಿ ಆಧಾರರೇಖೆ ಅಳೆಯಲು ನಿಂತ. ಮುಂದೆ ದೇಶವನ್ನೆಲ್ಲ ತ್ರಿಕೋನಗಳಾಗಿ ಅಳೆದ ಆ ಮಹಾ ಮಾಪನದಲ್ಲಿ ಜಗತ್ತಿನ ಅತಿ ಎತ್ತರದ ಶಿಖರವನ್ನು ಲೆಕ್ಕದಿಂದ ಗುರುತಿಸಿದವನು ಬಂಗಾಳದ ರಾಧಾನಾಥ ಸಿಕ್ದರ್. 1865ರಲ್ಲಿ ಶಿಖರಕ್ಕೆ ಇಟ್ಟದ್ದು ಎವರೆಸ್ಟ್ ಸಾಹೇಬನ ಹೆಸರನ್ನು! ಲೆಕ್ಕ ಬಲ್ಲವನಿಗೇ ಈ ಗತಿಯಾದರೆ ಲೆಕ್ಕವನ್ನೇ ಬಿಟ್ಟವನ ಗತಿಯೇನು? ಇಂದೂ ಪಿಯುಸಿಯಲ್ಲಿ ಗಣಿತ ಕೈಬಿಟ್ಟವನಿಗೆ ಇಂಜಿನಿಯರಿಂಗ್ ಬಾಗಿಲು ಮುಚ್ಚಿತು, ಗಣಿತದ ಬಿಎಸ್ಸಿ ಬಾಗಿಲೂ ಮುಚ್ಚಿತು.

ಈಗ ಹಾಜರಿಯ ಮಾತಿಗೆ ಬರೋಣ. ಲೆಕ್ಕದ ವಿಷಯವನ್ನು ಲೆಕ್ಕದಿಂದಲೇ ತೂಗೋಣ. ವರ್ಷಕ್ಕೆ 120 ತರಗತಿ ನಡೆಯಬೇಕೆಂದು ಇಟ್ಟುಕೊಳ್ಳಿ. ವಿದ್ಯಾರ್ಥಿ 90ಕ್ಕೆ ಬರಬೇಕು. 31 ತಪ್ಪಿಸಿದರೆ ಪರೀಕ್ಷೆಗೆ ಕೂರುವಂತಿಲ್ಲ. ಉಪನ್ಯಾಸಕರ ನೇಮಕ ತಡವಾಗಿ 40 ತರಗತಿ ನಡೆಯದೇ ಹೋದರೆ? ಆಗ ಕಾಲೇಜು ನಡೆಸಿದ್ದು 80 ತರಗತಿ, ನೂರಕ್ಕೆ 66 ಚಿಲ್ಲರೆ. ಹಾಜರಿ ಕೊರತೆ ಬಿದ್ದದ್ದು ಕಾಲೇಜಿಗೆ! ಆ ನೋಟೀಸಿನಲ್ಲಿ ಯಾರ ಹೆಸರು ಬರೆಯಬೇಕು?

ಇದು ಬರಿಯ ಊಹೆಯ ಮಾತಲ್ಲ. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಪಾಠದ ದೊಡ್ಡ ಹೊರೆಯನ್ನು ಹೊತ್ತಿರುವವರು ಅತಿಥಿ ಉಪನ್ಯಾಸಕರು. 2023ರಲ್ಲಿ ಅವರ ಸಂಖ್ಯೆ ಹತ್ತು ಸಾವಿರವನ್ನು ದಾಟಿತ್ತು. ವರ್ಷ ವರ್ಷವೂ ನೇಮಕ, ವರ್ಷ ವರ್ಷವೂ ಬಿಡುಗಡೆ. 2023ರ ಕೊನೆಯ ತಿಂಗಳುಗಳಲ್ಲಿ ಅವರು ತರಗತಿ ಬಹಿಷ್ಕರಿಸಿ ಖಾಯಂ ನೌಕರಿ ಕೇಳಿದರು. ಅವರ ಬೇಡಿಕೆ ನ್ಯಾಯವಾದದ್ದು. ದಿನಗೂಲಿಯ ಅಭದ್ರತೆ ಎಂಥದೆಂದು ಗಿರಣಿಯ ಬದಲಿ ಕೆಲಸಗಾರನಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಖಾಯಂ ಹುದ್ದೆಯನ್ನು ಖಾಲಿ ಬಿಟ್ಟು ಅತಿಥಿಗಳಿಂದ ಸಂಸಾರ ನಡೆಸುವ ಸರ್ಕಾರ, ವಿದ್ಯಾರ್ಥಿಯ ಮುಂದೆ ಮಾತ್ರ 75ರ ಮೊಳಕೋಲು ಹಿಡಿದು ನಿಲ್ಲುತ್ತದೆ. ಅದೇ ಸರ್ಕಾರ 2021ರಲ್ಲಿ ಪದವಿಗೆ ನಾಲ್ಕು ವರ್ಷ ಎಂದಿತು, 2024ರಲ್ಲಿ ಮತ್ತೆ ಮೂರು ವರ್ಷ ಎಂದಿತು. ಆಡಳಿತಕ್ಕೆ ಮನಸ್ಸು ಬದಲಿಸಲು ಮೂರು ವರ್ಷ ಸಲ್ಲುತ್ತದೆ. ಹುಡುಗನಿಗೆ ಮನೆಲೆಕ್ಕ ಒಪ್ಪಿಸಲು ಒಂದು ದಿನ ಸಲ್ಲುವುದಿಲ್ಲ.

ತ್ರಿಕೋನಮಿತಿ ಮೆಟ್ಟಿಲು ಕಟ್ಟಿದ ವಿದ್ಯೆ. 180 ಡಿಗ್ರಿಯೆಂದರೆ ಪೈ ರೇಡಿಯನ್ ಎಂಬ ಮೊದಲ ಮೆಟ್ಟಿಲು ತಪ್ಪಿದರೆ ಪ್ರಥಮ ಪಿಯುಸಿಯ ಸೂತ್ರಗಳು ಹತ್ತುವುದಿಲ್ಲ. ಅವು ಹತ್ತದಿದ್ದರೆ ದ್ವಿತೀಯ ಪಿಯುಸಿಯ ವಿಲೋಮ ತ್ರಿಕೋನಮಿತಿಯೂ ಇಲ್ಲ, ಕಲನಶಾಸ್ತ್ರವೂ ಇಲ್ಲ. ಕಳೆದ ತರಗತಿಗಳನ್ನು ಕೊನೆಯ ತಿಂಗಳಲ್ಲಿ ಓಡಿಸಿ ಮುಗಿಸಿದರೆ ಯಾರಿಗೆ ನಷ್ಟ? ಟ್ಯೂಷನ್ನಿಗೆ ಹಣವುಳ್ಳವನಿಗಲ್ಲ. ಸಾಲ ಮಾಡಿ ಟ್ಯೂಷನ್ನಿಗೆ ಕಳಿಸುವ ಕಿರಾಣಿ ಅಂಗಡಿಯವನಿಗೆ, ಸಾಲವೂ ಹುಟ್ಟದ ಕೂಲಿಯವನಿಗೆ.

ಭಾಷೆಯ ಮಾತೂ ಇದೆ. ಹತ್ತನೆಯ ತರಗತಿಯವರೆಗೆ ನಮ್ಮ ಮಗು ವಿಕರ್ಣ, ಅಭಿಮುಖ ಬಾಹು, ಉನ್ನತ ಕೋನ, ಅವನತ ಕೋನ ಎಂದು ಕಲಿತು ಬರುತ್ತದೆ. ವಿಜ್ಞಾನ ವಿಭಾಗದ ಹೊಸಿಲು ದಾಟಿದೊಡನೆ ಪಾಠ ಬಹುಮಟ್ಟಿಗೆ ಇಂಗ್ಲಿಷಿಗೆ ಹೊರಳುತ್ತದೆ. ವಸ್ತು ಗೊತ್ತು, ಹೆಸರು ಗೊತ್ತಿಲ್ಲ. ಎದ್ದು ಕೇಳಲು ನಾಚಿಕೆ. ಮೂರು ತಿಂಗಳಲ್ಲಿ ಆ ಮಗುವಿಗೆ "ದಡ್ಡ" ಎಂಬ ಪಟ್ಟ! ಎಸ್ಸೆಸ್ಸೆಲ್ಸಿ ಗಣಿತ ಬಾಯಲ್ಲಿರಬೇಕೆಂದು ಕೇಳುವವರು, ಅದು ಕನ್ನಡದಲ್ಲಿ ಬಾಯಲ್ಲಿದೆ ಎಂಬುದನ್ನೇಕೆ ಮರೆಯುತ್ತಾರೆ?

ಗಿರಣಿಯ ಬಂಧುಗಳಿಗೆ ಒಂದು ಮಾತು ನೆನಪಿಸುತ್ತೇವೆ. 1946ರಲ್ಲಿ ಬಂದ ಸ್ಥಾಯಿ ಆದೇಶಗಳ ಕಾಯಿದೆ, ಕಾರ್ಖಾನೆಯ ನಿಯಮಗಳನ್ನು ಮಾಲೀಕನೊಬ್ಬನೇ ಬರೆದು ಹೇರುವುದನ್ನು ತಪ್ಪಿಸಿತು. ನಿಯಮಗಳ ಕರಡನ್ನು ಕಾರ್ಮಿಕ ಸಂಘಕ್ಕೆ ಕಳಿಸಿ ಆಕ್ಷೇಪಣೆ ಕೇಳಬೇಕು. ಮಂಜೂರಾದ ನಿಯಮಗಳನ್ನು ಬಹುಸಂಖ್ಯಾತ ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲಿ ಬಾಗಿಲ ಬಳಿ ತೂಗುಹಾಕಬೇಕು ಎಂದು ವಿಧಿಸಿತು. ನಮ್ಮ ಊರುಗಳ ಸಣ್ಣ ಗಿರಣಿಗಳನ್ನು ಆ ಕಾಯಿದೆ ಮುಟ್ಟಲಿಲ್ಲ ನಿಜ. ಈಗ 2020ರ ಸಂಹಿತೆ ಅದನ್ನು ನುಂಗಿ, 300 ಮಂದಿಗಿಂತ ಕಡಿಮೆ ಇರುವ ಕಡೆ ಬೇಕಿಲ್ಲವೆಂದೂ ಹೇಳಿದೆ. ಆದರೂ ತತ್ವ ತತ್ವವೇ. ಯಾರ ಮೇಲೆ ನಿಯಮ ಬೀಳುವುದೋ ಅವರ ಮಾತನ್ನು ಕೇಳಬೇಕು, ಅವರ ಭಾಷೆಯಲ್ಲಿ ಹೇಳಬೇಕು. ಕಾರ್ಖಾನೆಗೆ ಸಲ್ಲುವ ನ್ಯಾಯ ಕಾಲೇಜಿಗೆ ಸಲ್ಲದೆ?

ವರ್ತಕ ಬಂಧುಗಳಿಗೆ ಇನ್ನೊಂದು ಮಾತು. ನಿಮ್ಮ ತಕ್ಕಡಿ, ನಿಮ್ಮ ಬೊಟ್ಟುಗಳಿಗೆ ಸರ್ಕಾರದ ಮುದ್ರೆ ಬೇಕು. ಮುದ್ರೆಯಿಲ್ಲದ ತೂಕ ಹಿಡಿದರೆ ದಂಡ. ದ್ವಿತೀಯ ಪಿಯುಸಿ ಗಣಿತದಲ್ಲಿ 80 ಅಂಕ ಲಿಖಿತ ಪರೀಕ್ಷೆಗೆ, 20 ಅಂಕ ಆಂತರಿಕ ಮೌಲ್ಯಮಾಪನಕ್ಕೆ. ಆ 20ನ್ನು ತೂಗುವ ತಕ್ಕಡಿಗೆ ಮುದ್ರೆ ಹಾಕುವವರು ಯಾರು? ತಿದ್ದಿದ ಉತ್ತರಪತ್ರಿಕೆ ಮಗುವಿನ ಕೈಗೆ ಬರದಿದ್ದರೆ, ತೂಕ ಸರಿಯೋ ತಪ್ಪೋ ಗಿರಾಕಿಗೆ ಹೇಗೆ ತಿಳಿಯಬೇಕು?

"ಹೀಗೆ ಸಡಿಲಿಸಿದರೆ ವಿದ್ಯೆಯ ಮಟ್ಟ ಬೀಳುತ್ತದೆ" ಎನ್ನುವರು. ನಾವು ಅಂಕ ದಾನ ಮಾಡಿರೆಂದು ಬೇಡುತ್ತಿಲ್ಲ. ಸುಲಭದ ಪ್ರಶ್ನೆಪತ್ರಿಕೆ ಕೇಳುತ್ತಿಲ್ಲ. ಅಡ್ಡದಾರಿಯ ಪಾಸು ನಮ್ಮ ಮಕ್ಕಳಿಗೆ ಬೇಡ. ಸುಳ್ಳು ಅಳತೆಯ ಮೇಲೆ ಕಟ್ಟಿದ ಮಾಡು ಕುಸಿದಾಗ ಅದರ ಕೆಳಗೆ ಇರುವವರು ನಾವೇ. ಮಟ್ಟ ಬೀಳುವುದು ಪಾಠ ನಡೆಯದಿದ್ದಾಗ. ಪಾಠ ಕೇಳಿದ್ದರಿಂದ ಎಲ್ಲಿಯೂ ಮಟ್ಟ ಬಿದ್ದದ್ದಿಲ್ಲ.

ಆದುದರಿಂದ ಮೂರು ಊರಿನ ಕಾಲೇಜುಗಳ ಮುಂದೆ, ಅವುಗಳ ಮೇಲಿರುವ ಇಲಾಖೆಯ ಮುಂದೆ ಈ ಬೇಡಿಕೆಗಳನ್ನು ಇಡುತ್ತೇವೆ:

1. ಷರತ್ತುಗಳ ಪಟ್ಟಿ ಕನ್ನಡದಲ್ಲಿಯೂ ಇರಲಿ. ಎಡಕ್ಕೆ ವಿದ್ಯಾರ್ಥಿಯ ಹೊಣೆ, ಬಲಕ್ಕೆ ಕಾಲೇಜಿನ ಹೊಣೆ ಬರೆಯಲಿ. ತಂದೆತಾಯಿಗಳ ಸಭೆ ಕರೆದು ಅದನ್ನು ಓದಿ ಹೇಳಲಿ.

2. ಮೊದಲ ದಿನದಿಂದಲೇ ಗಣಿತಕ್ಕೆ ಉಪನ್ಯಾಸಕರಿರಲಿ. ನಡೆಯದ ತರಗತಿಗಳ ಲೆಕ್ಕವನ್ನೂ ತಿಂಗಳಿಗೊಮ್ಮೆ ನೋಟೀಸು ಹಲಗೆಗೆ ಹಚ್ಚಲಿ. ಕಾಲೇಜು ತಾನೇ ನೂರಕ್ಕೆ 75 ನಡೆಸದ ವರ್ಷ, ಹಾಜರಿಯ ಹೆಸರಿನಲ್ಲಿ ಯಾರನ್ನೂ ಪರೀಕ್ಷೆಯಿಂದ ತಡೆಯಕೂಡದು.

3. ಮೊದಲ ಎರಡು ವಾರ ಎಸ್ಸೆಸ್ಸೆಲ್ಸಿಯ ತ್ರಿಕೋನಮಿತಿಯನ್ನು ಕನ್ನಡ ಮತ್ತು ಇಂಗ್ಲಿಷ್ ಹೆಸರುಗಳೆರಡರಲ್ಲಿಯೂ ಮತ್ತೆ ಹೇಳಿಕೊಡಲಿ.

4. ವಾಟ್ಸಾಪಿನಲ್ಲಿ ಕಳಿಸಿದ ಲೆಕ್ಕವನ್ನು ಹಲಗೆಯ ಮೇಲೂ ಬರೆಯಲಿ. ಮನೆಗೆ ಒಂದೇ ಫೋನು. ಅದು ಅಪ್ಪನ ಜೇಬಿನಲ್ಲಿ ರಾತ್ರಿ ಪಾಳಿಗೆ ಹೋಗಿರುತ್ತದೆ.

5. ಕಿರುಪರೀಕ್ಷೆಯ ಉತ್ತರಪತ್ರಿಕೆ ವಾರದೊಳಗೆ ವಿದ್ಯಾರ್ಥಿಯ ಕೈಗೆ ಬರಲಿ. ಕಾಯಿಲೆ, ಸಾವು, ಬಸ್ಸು ತಪ್ಪಿದ ಕಾರಣಗಳಿಗೆ ಒಂದು ಮರುಪರೀಕ್ಷೆ ಇರಲಿ.

6. ಗಂಟೆ ಬಾರಿಸುವ ಮುಂಚೆ ಹಳ್ಳಿಯ ಬಸ್ಸು ಬರಲಿ. 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಹೊರೆ ತಪ್ಪಿದೆ, ಸಂತೋಷ. ಬಸ್ಸೇ ನಿಲ್ಲದಿದ್ದರೆ ಉಚಿತ ಟಿಕೆಟ್ಟಿನಿಂದ ಹಾಜರಿ ತುಂಬುವುದಿಲ್ಲ.

ಬಂಧುಗಳೇ, ಈ ವಾರ ನಿಮ್ಮ ಮಕ್ಕಳನ್ನು ಕೂರಿಸಿಕೊಂಡು ಆ ಪಟ್ಟಿಯನ್ನು ಕೇಳಿ ತಿಳಿಯಿರಿ. ಕಾಲೇಜಿನ ಬಾಗಿಲಿಗೆ ಒಬ್ಬೊಬ್ಬರೇ ಹೋದರೆ ನಿಮ್ಮನ್ನು ಬೆಂಚಿನ ಮೇಲೆ ಕೂರಿಸಿ ಕಳಿಸಿಯಾರು. ಹತ್ತು ಮಂದಿ ಕೂಡಿ, ಬರೆದ ಮನವಿ ಹಿಡಿದು ಹೋಗಿ. ಗೌರವದಿಂದ ಕೇಳಿ, ಲೆಕ್ಕದಿಂದ ಕೇಳಿ. ನಡೆಸಿದ ತರಗತಿ ಎಷ್ಟು, ನಡೆಯದ ತರಗತಿ ಎಷ್ಟು? ಈ ಎರಡು ಸಂಖ್ಯೆಗಳನ್ನು ಬರಹದಲ್ಲಿ ಪಡೆಯದೆ ಹಿಂದಿರುಗಬೇಡಿ.